ಸಾಕ್ಷಿಕಲ್ಲಿನ ಮೂರನೇ ತುಂಡು

ಕಲ್ಲಿಗೆ ಕಾಲು ಬರುತ್ತದೆಯೇ? ಆ ಬೆನ್ಯಾತನ ನೆರೆಯಲ್ಲಿದ್ದರೆ ಬರುತ್ತದೆ ಎಂದು ನಾನು ಊರೆಲ್ಲ ಸಾರಿಕೊಂಡು ತಿರುಗಿದೆ. ಅವನ ಇಳಿಜಾರು ಫ್ರಾನ್ಸಿಗೆ ಸೇರಿದ್ದು, ನನ್ನದು ಸ್ಪೇನಿಗೆ. ಇಬ್ಬರೂ ಬಾಸ್ಕ್ ಜನಾಂಗದವರೇ, ಕುರಿ ಕಾಯುವವರೇ. ನಡುವೆ ಶಿಲುಬೆ ಕೆತ್ತಿದ ಹಳೇ ಗಡಿಕಲ್ಲು, ಪಕ್ಕದಲ್ಲೊಂದು ಊಟೆ. ಇಷ್ಟು ವರ್ಷ ಎರಡೂ ಹಿಂಡು ಅಲ್ಲೇ ನೀರು ಕುಡಿದಿದ್ದವು. ಈ ಬೇಸಿಗೆ ನೀರು ಸಣ್ಣಗಾದದ್ದೇ ತಡ, ಬೆನ್ಯಾತ್ ಬೇಲಿ ಹಾಕಲು ಬಂದ.

"ಕಲ್ಲು ನೋಡ್ಕೋ ಕೋಲ್ಡೊ. ಊಟೆ ನಮ್ಮ ಕಡೆ ಇದೆ."

"ಕಲ್ಲನ್ನ ನೀನೇ ಸರಿಸಿದ್ದೀಯ, ಕಳ್ಳ! ಅದು ಊಟೆಯಿಂದಾಚೆ, ನಿನ್ನ ಕಡೆಯ ಆ ಓಕ್ ಮರದ ಬುಡದಲ್ಲಿತ್ತು ಅಂತ ನಮ್ಮಪ್ಪ ಹೇಳ್ತಿದ್ದ."

"ನಿಮ್ಮಪ್ಪಂಗೆ ಕಣ್ಣೆಲ್ಲಿ ಕಾಣ್ತಿತ್ತು ಬಿಡೋ!"

ನನಗೆ ಮೈಯೆಲ್ಲ ಉರಿದುಹೋಯಿತು. ನೀರಿಲ್ಲದೆ ಇನ್ನೂರು ಕುರಿಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಲಿ?

ವರ್ಷಕ್ಕೊಮ್ಮೆ ಎರಡೂ ಊರಿನ ಮೇಯರುಗಳು ಜೊತೆಯಾಗಿ ಬಂದು ಗಡಿಕಲ್ಲುಗಳನ್ನು ನೋಡಿ ಹೋಗುತ್ತಾರೆ. ಬಂದ ಕೂಡಲೇ "ಅಗೆಸಿ" ಎಂದೆ. ಹಿಂದಿನವರು ಗಡಿಕಲ್ಲು ನೆಡುವಾಗ ಚಪ್ಪಟೆ ಕಲ್ಲೊಂದನ್ನು ಮೂರು ತುಂಡು ಮಾಡಿ, ಸಾಕ್ಷಿಗೆಂದು ಅಡಿಯಲ್ಲಿ ಹೂಳುತ್ತಿದ್ದರು. ಮೂರೂ ಕೂಡಿಕೊಂಡರೆ ಅದೇ ನಿಜವಾದ ಜಾಗ.

ಗಡಿಕಲ್ಲಿನಡಿ ಏನೂ ಇರಲಿಲ್ಲ. ನಾನು ಮೀಸೆ ತಿರುವಿದೆ. ಓಕ್ ಮರದ ಬುಡ ಅಗೆದರೆ ಎರಡು ತುಂಡು ಸಿಕ್ಕವು.

"ಮೂರನೇದೆಲ್ಲಿ?" ಎಂದರು ನಮ್ಮ ಮೇಯರಮ್ಮ. "ಅದಿಲ್ಲದೆ ಸಾಕ್ಷಿ ನಡೆಯಲ್ಲ."

ಆಗಷ್ಟೇ ನನಗೆ ನೆನಪಾಯಿತು. ಅದು ನಮ್ಮ ಮನೆಯಲ್ಲಿತ್ತು! ಮದುವೆಯಾದ ವರ್ಷ, ಹಸು ಮೈ ತಿಕ್ಕಿ ಉರುಳಿಸಿದ್ದ ಗಡಿಕಲ್ಲನ್ನು ದಟ್ಟ ಮಂಜಿನಲ್ಲಿ, ಅದು ಉರುಳಿ ಬಿದ್ದಲ್ಲೇ, ನಾನೇ ನೆಟ್ಟು ಬಂದಿದ್ದೆ. ದಾರಿಯಲ್ಲಿ ಓಕ್ ಮರದ ಬಳಿ ಎಡವಿದ ಚಪ್ಪಟೆ ಕಲ್ಲನ್ನು, ಚೀಸ್ ಅದುಮಲು ಹೇಳಿ ಮಾಡಿಸಿದ ಹಾಗಿದೆಯೆಂದು, ಹೆಂಡತಿ ಮಾದಲೆನ್‌ಗೆ ಕೊಟ್ಟಿದ್ದೆ.

ಬಾಯಿ ಮುಚ್ಚಿಕೊಂಡರೆ ಊಟೆ ಹೋಗುತ್ತದೆ, ಬಿಟ್ಟರೆ ಮಾನ. ಕುರಿಗಳು ಬಾಯಾರಿ ಒದರುತ್ತಿದ್ದವು. ಓಡಿಹೋಗಿ ಕಲ್ಲು ಹೊತ್ತು ತಂದೆ. ಹಾಲಿನ ವಾಸನೆ ಹೊಡೆಯುತ್ತಿದ್ದ ಆ ತುಂಡು ಉಳಿದೆರಡರ ಜೊತೆ ಸರಿಯಾಗಿ ಕೂತುಬಿಟ್ಟಿತು.

"ಹಾಗಾದ್ರೆ ಕಳ್ಳ ಯಾರೋ?" ಬೆನ್ಯಾತ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನೇ ಕಣೋ. ತಪ್ಪಾಯ್ತು." ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಾನಂತೂ ಬೇಲಿ ಹಾಕಲ್ಲ. ನಿನ್ನ ಕುರೀನೂ ಹೊಡ್ಕೊಂಡು ಬಾ."

ಓಕ್ ಮರದ ಬುಡದಲ್ಲಿ ಮೂರೂ ತುಂಡು ಮತ್ತೆ ಮಣ್ಣಿಗಿಳಿದವು, ಮೇಲೆ ಗಡಿಕಲ್ಲು ನಿಂತಿತು. ಮನೆಯಲ್ಲಿ ಮಾದಲೆನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಮದುವೆಗೆ ಅಂತ ನೀನು ಕೊಟ್ಟಿದ್ದು ಅದೊಂದೇ. ಅದೂ ಕದ್ದ ಮಾಲಾ?"

"ಬೇರೆ ಕಲ್ಲು ಹುಡುಕಿ ತರ್ತೀನಿ ಕಣೆ."

"ಅಯ್ಯೋ, ನೀನು ಇನ್ಮೇಲೆ ಕಲ್ಲು ಮುಟ್ಟೋದೇ ಬೇಡಪ್ಪ! ಬಾ, ಈ ಹಲಗೆ ಮೇಲೆ ಕೂತ್ಕೋ."

ಹಲಗೆಯ ಕೆಳಗೆ ಹೊಸ ಚೀಸ್. ಸಂಜೆಯವರೆಗೆ ಏಳಕೂಡದೆಂದು ಅಪ್ಪಣೆಯಾಯಿತು. ನನ್ನನ್ನು ನೋಡಲೆಂದು ಬೆನ್ಯಾತ್ ಎರಡೂ ಊರಿನವರನ್ನು ಕರೆದುಕೊಂಡು ಬಂದ.