ಬಲೆಯೊಳಗಿನ ಕುಂಬಳದ ಹೂವು

ನಾನು ಹೊಲಿದರೆ ಮುಗಿಯಿತು, ಹರಿದೀತು ಬಟ್ಟೆ, ಬಿಚ್ಚದು ಹೊಲಿಗೆ. ಹೊಟ್ಟೆಪಾಡೇ ಅದು. ಹಾಗಾಗಿ ನಮ್ಮ ಬೀದಿಯವರೆಲ್ಲ ಸೇರಿ ಮಾಡುವ ತೋಟದಲ್ಲಿ, ಕುಂಬಳದ ಬಳ್ಳಿಗೆ ಹುಳು ಮುತ್ತದಂತೆ ಬಲೆ ಹಾಕಬೇಕು ಎಂದಾಗ ಆ ಕೆಲಸ ನನ್ನ ಪಾಲಿಗೇ ಬಂತು. ಎರಡೆರಡು ಸಲ ಹೊಲಿದು, ಅಂಚನ್ನು ಮಣ್ಣಿನಲ್ಲಿ ಹೂತು, ಇರುವೆಯೂ ನುಸುಳದಂತೆ ಮಾಡಿದೆ. "ಕೋಟೆ ಕಟ್ಟಿಬಿಟ್ರಲ್ಲಮ್ಮ!" ಎಂದು ಗುಂಪಿನ ಹಿರಿಯರಾದ ಬಸ್ ಡ್ರೈವರ್ ಹೊಗಳಿದರು. ನಾನು ಉಬ್ಬಿಹೋದೆ.

ಬಳ್ಳಿ ನಮ್ಮತ್ತೆಯದು. ಅವರ ತಾಯಿ ಕೊಟ್ಟ ಬೀಜದ ವಂಶ. ಆ ತಾಯಿಯದು ಒಂದು ಫೋಟೋ ಕೂಡ ಇಲ್ಲ, ಉಳಿದದ್ದು ಆ ಬೀಜವೊಂದೇ. ಕಳೆದ ಸಲ ಡಬ್ಬಿಗೆ ತೇವ ಹತ್ತಿ ಬೀಜಕ್ಕೆಲ್ಲ ಬೂಷ್ಟು ಹಿಡಿಯಿತು. ಆರಿಸಿ ಬಿತ್ತಿದ್ದರಲ್ಲಿ ಹುಟ್ಟಿದ್ದು ಈ ಒಂದು ಬಳ್ಳಿ. ಇದು ಕಾಯಿ ಕಟ್ಟದಿದ್ದರೆ ವಂಶ ಅಲ್ಲಿಗೆ ಮುಗಿಯಿತು.

ಹೂವೇನೋ ದಂಡಿಯಾಗಿ ಬಂತು. ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂಗಳೂ ಬಂದವು. ಬಂದವೆಲ್ಲ ಹಳದಿಯಾಗಿ ಉದುರಿದವು. ಗೊಬ್ಬರ ಸಾಲದು ಎಂದರು ಡ್ರೈವರ್. ನೀರು ಜಾಸ್ತಿಯಾಯಿತು ಎಂದರು ಪಕ್ಕದ ಮನೆಯ ನರ್ಸಮ್ಮ. ಅತ್ತೆ ಮಾತ್ರ ಬಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿದರು.

"ಒಳಗೆ ಒಂದು ಜೇನುನೊಣ ಆದ್ರೂ ಇದೆಯಾ? ಗಂಡು ಹೂವಿನ ಧೂಳನ್ನ ಹೆಣ್ಣು ಹೂವಿಗೆ ಮುಟ್ಟಿಸೋರು ಯಾರು, ನಿಮ್ಮಪ್ಪನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಪಾಡು. "ಹುಳ ಬರಬಾರದು ಅಂದೋರು ನೀವೆಲ್ಲ. ಜೇನಿಗೆ ಬಾಗಿಲು ಇಡು ಅಂತ ಒಬ್ಬರಾದ್ರೂ ಬಾಯಿಬಿಟ್ರಾ?" ಎಂದು ಎಲ್ಲರ ಮೇಲೂ ಹಾರಾಡಿದೆ. ಬೈದುಕೊಂಡೇ ಕತ್ತರಿ ತಂದು ಬಲೆ ಸೀಳಿದೆ. ಅಷ್ಟರಲ್ಲಿ ಬುಡದ ಎಲೆಗಳು ಒಣಗತೊಡಗಿದ್ದವು. ಉಳಿದಿದ್ದು ಒಂದೇ ಹೆಣ್ಣು ಮೊಗ್ಗು.

ಮಾರನೆಯ ದಿನ ಬೆಳಕು ಹರಿಯುವಾಗ ಎಲ್ಲರೂ ಅಲ್ಲಿದ್ದೆವು. ಮೊಗ್ಗು ನಮ್ಮ ಕಣ್ಣೆದುರೇ ಬಿಚ್ಚಿಕೊಂಡಿತು. ಸುಳ್ಳಲ್ಲ, ನನ್ನಾಣೆಗೂ! ಸುತ್ತಿಕೊಂಡಿದ್ದ ಎಸಳು ಅಲುಗಿ, ಸಡಿಲಾಗಿ, ತಟಕ್ಕನೆ ಹೊರಕ್ಕೆ ಬಾಗಿತು. ಇಷ್ಟು ವರ್ಷ ಕುಂಬಳದ ಹೂ ನೋಡಿದ್ದೇನೆ, ಅರಳುವುದನ್ನು ನೋಡಿರಲಿಲ್ಲ.

ಬಿಸಿಲೇರಿದರೂ ಜೇನು ಬರಲಿಲ್ಲ. ಎಸಳಿನ ತುದಿ ಮುದುಡತೊಡಗಿತು. ಇನ್ನು ಕಾದರೆ ಕೆಟ್ಟೆವು ಎಂದು ಗಂಡು ಹೂವೊಂದನ್ನು ಕಿತ್ತು, ಎಸಳು ಸುಲಿದು ಅತ್ತೆಯ ಕೈಗಿಟ್ಟೆ. ಅವರು ಅದನ್ನು ನನ್ನ ಕಡೆಗೇ ಚಾಚಿದರು.

"ನೀನೇ ಮುಟ್ಟಿಸೇ, ನನ್ನಿಂದಾಗಲ್ಲ."

"ನಿಮ್ಮಮ್ಮನ ಬಳ್ಳಿ, ನೀವೇ ಮುಟ್ಟಿಸಬೇಕು," ಎಂದು ಅವರ ಮಣಿಕಟ್ಟು ಹಿಡಿದು ಹೂವಿನತ್ತ ಬಗ್ಗಿಸಿದೆ.

ಆಗ ಬಂತು. ಒಂದೇ ಒಂದು ಜೇನುನೊಣ, ಮೈಯೆಲ್ಲ ಹಳದಿ ಧೂಳು. ಅತ್ತೆಯ ಬೆರಳ ಮೇಲೆ ಕೂತು, ನನ್ನ ಬೆರಳು ದಾಟಿ, ಹೆಣ್ಣು ಹೂವಿನೊಳಕ್ಕೆ ಇಳಿಯಿತು. ನಾವಿಬ್ಬರೂ ಅಲುಗಲಿಲ್ಲ. ಎಸಳಿನ ನಡುಕ ನನ್ನ ಬೆರಳಿಗೆ ತಾಗುತ್ತಿತ್ತು. ಡ್ರೈವರ್ ಟೋಪಿ ತೆಗೆದರು. ಜೇನು ಹಾರಿಹೋದ ಮೇಲೆ ಅತ್ತೆ ತಮ್ಮ ಕೈಯಲ್ಲಿದ್ದ ಹೂವನ್ನೂ ಮೆಲ್ಲಗೆ ಒತ್ತಿದರು. "ಇರಲಿ, ನಂದೂ ಒಂದು," ಎಂದರು.

ಹೂ ಬಾಡಿ ಬಿತ್ತು, ಕಾಯಿ ಬೀಳಲಿಲ್ಲ. ಊದಿತು, ಬಲಿಯಿತು. ಬಳ್ಳಿ ಪೂರ್ತಿ ಒಣಗಿದ ಮೇಲೆ ಅದನ್ನು ತೋಟದ ಬೆಂಚಿನ ಮೇಲಿಟ್ಟು ಡ್ರೈವರ್ ಎರಡು ಹೋಳು ಮಾಡಿದರು. ಒಳಗೆ ಬೀಜ, ಬೀಜ, ಬೀಜ! ಒಂದು ನೊಣ ಒಂದು ಬೆಳಗ್ಗೆ ಬಂದು ಹೋದದ್ದಕ್ಕೆ ಇಷ್ಟೊಂದು ದಪ್ಪದಪ್ಪ ಬೀಜ. ಅತ್ತೆ ತಿರುಳಿನೊಳಕ್ಕೆ ಎರಡೂ ಕೈ ಇಳಿಸಿ ಹಾಗೇ ಕೂತರು.

"ಅಮ್ಮ ಬಂದ್ಲು ಕಣೇ," ಎಂದರು.

ಮಾವ ಹೋದಾಗಲೂ ನಮ್ಮೆದುರು ಅಳದ ಅತ್ತೆ ಮಗುವಿನಂತೆ ಅತ್ತರು. ಕುಂಬಳಕಾಯಿಗೆಲ್ಲ ಕೈ ಮುಗಿಯುವವಳಲ್ಲ ನಾನು. ಮುಗಿದೆ.