ಜೂಲಿ, ಬೆಣ್ಣೆ ಮತ್ತು ಆರು ವಾರಗಳು

೧೯೬೩ರಲ್ಲಿ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಸೇತುರಾಮ ಅಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಅವನಿಗೂ ಹೆಂಡತಿ ಸತ್ಯಭಾಮಾಗೂ ಮಕ್ಕಳಿರಲಿಲ್ಲ. ವರ್ಗವಾಗಿ ಹೊರಟಿದ್ದ ಮೇಲಧಿಕಾರಿಯೊಬ್ಬರು ತಮ್ಮ ನಾಯಿಯ ಎರಡು ಮರಿಗಳನ್ನು ಬುಟ್ಟಿಯಲ್ಲಿಟ್ಟು ಇವರಿಗೆ ಕೊಟ್ಟುಹೋದರು. ಬಿಳಿ ಕೂದಲಿನ, ಬೆಳೆದರೂ ಮೊಲಕ್ಕಿಂತ ಸ್ವಲ್ಪವೇ ದೊಡ್ಡದಾಗುವ ಜಾತಿ. ಹೆಣ್ಣುಮರಿಗೆ ಜೂಲಿ ಎಂದು ಹೆಸರಿಟ್ಟು ಉಳಿಸಿಕೊಂಡರು. ಗಂಡುಮರಿಯನ್ನು, ಮನೆಗೆ ಹಾಲು ಹಾಕುತ್ತಿದ್ದ ಮುನಿವೆಂಕಟಮ್ಮ ಸೆರಗಿನಲ್ಲಿ ಸುತ್ತಿಕೊಂಡು ಪುಟ್ಟೇನಹಳ್ಳಿಗೆ ಒಯ್ದಳು. ಅವಳ ಮನೆಯಲ್ಲಿ ಅದು ಬೆಣ್ಣೆಯಾಯಿತು.

ಮುನಿವೆಂಕಟಮ್ಮನಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದ, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಬೆಳಿಗ್ಗೆ ಹಾಲಿನ ಕ್ಯಾನು ತಲೆಯ ಮೇಲಿಟ್ಟುಕೊಂಡು ಅವಳು ಹೊರಟರೆ ಬೆಣ್ಣೆ ಹಿಂದೆಯೇ ಬರುತ್ತಿತ್ತು. ಹಾಲು ಅಳೆದಾದ ಮೇಲೆ ಅವಳೂ ಸತ್ಯಭಾಮಾಳೂ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಮಾತಾಡುವುದು, ಎರಡೂ ನಾಯಿಗಳು ಅಂಗಳದಲ್ಲಿ ಓಡಾಡುವುದು ರೂಢಿಯಾಗಿತ್ತು.

ಒಂದು ವರ್ಷ ತುಂಬುವ ಹೊತ್ತಿಗೆ ಜೂಲಿ ಓಡುತ್ತಾ ಓಡುತ್ತಾ ಹಿಂದಿನ ಬಲಗಾಲನ್ನು ಎತ್ತಿಕೊಳ್ಳಲು ಶುರುಮಾಡಿತು. ಮೊದಮೊದಲು ನಾಲ್ಕು ಹೆಜ್ಜೆ ಕುಂಟಿ ಸರಿಹೋಗುತ್ತಿತ್ತು. ಆಮೇಲೆ ಕಾಲು ಊರುವುದನ್ನೇ ಬಿಟ್ಟಿತು. ಸೇತುರಾಮ ಜಟಕಾ ಮಾಡಿಸಿ ಅದನ್ನು ಪಶು ಆಸ್ಪತ್ರೆಯ ವೈದ್ಯ ಜಯದೇವಪ್ಪನವರ ಬಳಿ ಕರೆದೊಯ್ದ. ಜಯದೇವಪ್ಪ ಇನ್ನೂ ಚಿಕ್ಕ ವಯಸ್ಸಿನವರು. ದನ, ಕುದುರೆಗಳೇ ಹೆಚ್ಚಾಗಿ ಬರುತ್ತಿದ್ದ ಆ ಆಸ್ಪತ್ರೆಯಲ್ಲಿ ನಾಯಿಗಳ ಮೇಲೆ ಆಸಕ್ತಿಯಿದ್ದವರು ಅವರೊಬ್ಬರೇ. ಮಂಡಿಯನ್ನು ಬೆರಳಿನಿಂದ ಒತ್ತಿದಾಗ ಚಿಪ್ಪು ಪಕ್ಕಕ್ಕೆ ಜಾರಿತು.

"ಚಿಪ್ಪು ಕೂರೋ ಕುಳಿ ಆಳ ಇಲ್ಲ, ಸಾರ್. ಹುಟ್ಟಿನಿಂದಾನೇ ಹೀಗೆ. ಕುಳೀನ ಕೆತ್ತಿ ಆಳ ಮಾಡಬಹುದು. ಅದೊಂದು ಗಂಟೆ ಕೆಲಸ. ಕಷ್ಟ ಇರೋದು ಆಮೇಲೆ. ಆರು ವಾರ ನೆಗೆಯೋ ಹಾಗಿಲ್ಲ, ಓಡೋ ಹಾಗಿಲ್ಲ. ನಿಮ್ಮ ಕೈಲಿ ಆಗುತ್ತಾ?"

"ಆಗುತ್ತೆ" ಎಂದ ಸೇತುರಾಮ.

"ಇದರ ಜೊತೆ ಹುಟ್ಟಿದ್ದು ಇನ್ಯಾವುದಾದ್ರೂ ಇದೆಯಾ?"

ಬೆಣ್ಣೆಯೂ ಆಗಾಗ ಕುಂಟುತ್ತಿತ್ತು. ಮುಳ್ಳು ಚುಚ್ಚಿರಬೇಕೆಂದು ಮುನಿವೆಂಕಟಮ್ಮ ಪಾದಕ್ಕೆ ಅರಿಸಿನ ಹಚ್ಚುತ್ತಿದ್ದಳು. ವಿಷಯ ತಿಳಿದು ಅವಳು ಯೋಚನೆಗೆ ಬಿದ್ದಳು. ಅವಳ ಮನೆಗೆ ಬಾಗಿಲಿತ್ತೇ ಹೊರತು ಕಾಂಪೌಂಡಿರಲಿಲ್ಲ. ಸುತ್ತ ಗದ್ದೆ, ದನ, ಬೀದಿನಾಯಿ. ಅಲ್ಲಿ ಆರು ವಾರ ಒಂದು ನಾಯಿಯನ್ನು ಕೂಡಿಹಾಕುವುದು ಆಗದ ಮಾತು.

"ಇಲ್ಲೇ ಬಿಡು. ಒಂದನ್ನ ನೋಡಿಕೊಳ್ಳೋಳು ಎರಡನ್ನ ನೋಡಿಕೊಳ್ಳಲ್ವಾ?" ಎಂದಳು ಸತ್ಯಭಾಮಾ.

ಜೂಲಿಗೆ ಮೊದಲು ಆಪರೇಷನ್ ಆಯಿತು. ಹತ್ತು ದಿನಗಳ ನಂತರ ಬೆಣ್ಣೆಗೆ. ಎರಡಕ್ಕೂ ತೊಡೆಯಿಂದ ಪಾದದವರೆಗೆ ಪಟ್ಟಿ. ಮುನಿವೆಂಕಟಮ್ಮ ಕೋಳಿ ಮುಚ್ಚುವ ಬಿದಿರಿನ ಮಂಕರಿಗಳನ್ನು ಎರಡು ತಂದುಕೊಟ್ಟಳು. ಸೇತುರಾಮ ಅವುಗಳನ್ನು ನಡುಮನೆಯಲ್ಲಿ ಗೋಡೆಗೆ ಒತ್ತಿ ಇಟ್ಟು, ಮೇಲೆ ಹಳೆಯ ಫೈಲುಗಳ ಕಟ್ಟುಗಳನ್ನು ಹೇರಿದ. ದಿನಕ್ಕೆ ನಾಲ್ಕು ಸಲ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿದು ಹಿತ್ತಲಿಗೆ ಕರೆದೊಯ್ಯಬೇಕು. ಬೆಳಿಗ್ಗೆ, ಸಂಜೆ ಸೇತುರಾಮ, ಉಳಿದ ಹೊತ್ತು ಸತ್ಯಭಾಮಾ.

ಬೆಣ್ಣೆ ಬಂದ ಮರುದಿನವೇ ತೊಂದರೆಯಾಯಿತು. ಗೇಟಿನಲ್ಲಿ "ಅಮ್ಮಾರೇ, ಹಾಲು" ಎಂಬ ದನಿ ಕೇಳಿದ್ದೇ ತಡ, ಅದು ಪಟ್ಟಿಯ ಕಾಲಿನಲ್ಲೇ ಎದ್ದು ಮಂಕರಿಗೆ ಡಿಕ್ಕಿ ಹೊಡೆಯಿತು. ಫೈಲುಗಳ ಕಟ್ಟು ಉರುಳಿತು. ಮುನಿವೆಂಕಟಮ್ಮ ಒಳಗೆ ಓಡಿಬಂದಾಗ ಅದು ಇನ್ನಷ್ಟು ಕುಣಿಯಿತು. ಹೊಲಿಗೆಯಿಂದ ರಕ್ತ ಜಿನುಗಿ ಪಟ್ಟಿ ಕೆಂಪಾಯಿತು.

ಪಟ್ಟಿ ಬದಲಾಯಿಸುತ್ತಾ ಜಯದೇವಪ್ಪ, "ವಾಸಿಯಾಗೋ ತನಕ ಆ ಯಮ್ಮ ಇದರ ಕಣ್ಣಿಗೂ ಬೀಳಬಾರದು, ದನೀನೂ ಕೇಳಬಾರದು" ಎಂದರು.

ಅದನ್ನು ಹೇಳುವುದಕ್ಕೆ ಸತ್ಯಭಾಮಾ ಹಿಂಜರಿದಳು. ಮುನಿವೆಂಕಟಮ್ಮ ಕೇಳಿಸಿಕೊಂಡು ಸುಮ್ಮನೆ ತಲೆಯಾಡಿಸಿದಳು. ಮರುದಿನದಿಂದ ಅವಳು ರಸ್ತೆ ತಿರುವಿನ ಹೊಂಗೆಮರದಿಂದ ಈಚೆಗೆ ಬರಲಿಲ್ಲ. ಸತ್ಯಭಾಮಾಳೇ ಪಾತ್ರೆ ಹಿಡಿದು ಅಲ್ಲಿಗೆ ಹೋಗಬೇಕಾಯಿತು.

"ಉಂಡ್ನಾ?"

"ಉಂಡ."

"ಕಾಲು ಊರ್ತಾನಾ?"

"ಇವತ್ತು ಸ್ವಲ್ಪ ಊರಿದ."

ಹಾಲು ಅಳೆದು ಮುನಿವೆಂಕಟಮ್ಮ ಹೊರಟುಬಿಡುತ್ತಿದ್ದಳು. ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸತ್ಯಭಾಮಾ ಒಳಗೆ ಬಂದರೆ ಬೆಣ್ಣೆ ಮಂಕರಿಯ ಸಂದಿಯಿಂದ ಮೂಗು ಚಾಚಿ ಪಾತ್ರೆಯನ್ನೂ ಅವಳ ಕೈಯನ್ನೂ ಮೂಸಿ ಮೂಸಿ ನೋಡುತ್ತಿತ್ತು. ಆಮೇಲೆ ಅವಳು ಹೊರಗಿನ ನಲ್ಲಿಯಲ್ಲೇ ಕೈ ತೊಳೆದುಕೊಂಡು ಬರತೊಡಗಿದಳು.

ಬೆಣ್ಣೆ ಕ್ರಮೇಣ ಒಗ್ಗಿಕೊಂಡಿತು. ಜೂಲಿ ಒಗ್ಗಲಿಲ್ಲ. ಸತ್ಯಭಾಮಾ ಕಣ್ಣಿಗೆ ಬಿದ್ದಾಗೆಲ್ಲ ಕುಂಯ್‌ಗುಟ್ಟುತ್ತಿತ್ತು. ಐದನೆಯ ವಾರ ಒಂದು ಮಧ್ಯಾಹ್ನ ಅದು ಒಂದು ಗಂಟೆ ಬಿಡದೆ ಅತ್ತಿತು. ಸೇತುರಾಮ ಆಫೀಸಿನಲ್ಲಿದ್ದ. ಪಟ್ಟಿ ಬಿಚ್ಚಿಯಾಗಿದೆ, ಚೆನ್ನಾಗಿ ನಡೆಯುತ್ತಿದೆ, ಪಕ್ಕದಲ್ಲಿ ಮಲಗಿಸಿಕೊಂಡರೆ ಏನಾದೀತು ಎಂದುಕೊಂಡು ಸತ್ಯಭಾಮಾ ಅದನ್ನು ಮಂಚದ ಮೇಲೆ ಎತ್ತಿಕೊಂಡಳು. ಜೂಲಿ ತಕ್ಷಣ ಸುಮ್ಮನಾಯಿತು. ಇಬ್ಬರಿಗೂ ನಿದ್ದೆ ಹತ್ತಿತು. ಅಂಚೆಯವನು ಗೇಟು ತಟ್ಟಿದ. ಅವಳು ಕಣ್ಣು ಬಿಡುವಷ್ಟರಲ್ಲಿ ಜೂಲಿ ಮಂಚದಿಂದ ಹಾರಿಯಾಗಿತ್ತು. ಕಿರುಚಿದ್ದು ಒಂದೇ ಸಲ.

ಜಯದೇವಪ್ಪ ಮಂಡಿ ಮುಟ್ಟಿ ನೋಡಿ, "ಮತ್ತೆ ಜಾರಿದೆ. ಇನ್ನೊಂದು ಸಲ ಮಾಡಿ ನೋಡಬಹುದು. ಮೊದಲಿನಿಂದ ಆರು ವಾರ" ಎಂದರು. ಸೇತುರಾಮ ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು.

ಈ ಸಂಗತಿಯನ್ನು ಅವಳು ಹೊಂಗೆಮರದಡಿ ಹೇಳಲಿಲ್ಲ. "ಜೂಲಿ ಹೆಂಗವ್ಳೆ?" ಎಂದರೆ "ಇದ್ದಾಳೆ" ಎನ್ನುತ್ತಿದ್ದಳು.

ಬೆಣ್ಣೆಯ ಆರು ವಾರ ಮುಗಿದದ್ದು ಒಂದು ಸೋಮವಾರ. ಜಯದೇವಪ್ಪ ಅದನ್ನು ಆಸ್ಪತ್ರೆಯ ವರಾಂಡದಲ್ಲಿ ಓಡಿಸಿ ನೋಡಿ, ಇನ್ನು ಮನೆಗೆ ಕಳಿಸಬಹುದೆಂದರು. ಮಂಗಳವಾರ ಮುನಿವೆಂಕಟಮ್ಮ ಕೇಳಿದಾಗ ಸತ್ಯಭಾಮಾ, "ಇನ್ನೂ ನಾಲ್ಕು ದಿನ ಹೋಗಲಿ ಅಂದರು" ಎಂದಳು. ಬುಧವಾರವೂ ಅದೇ ಮಾತು, ಗುರುವಾರವೂ ಅದೇ. ಆ ಮೂರು ದಿನ ಬೆಣ್ಣೆ ಅವಳ ಹಿಂದೆ ಮನೆಯೆಲ್ಲಾ ಓಡಾಡಿತು. ಜೂಲಿ ಮೂಲೆಯಲ್ಲಿ ಮಲಗಿ ನೋಡುತ್ತಿತ್ತು.

ಗುರುವಾರ ಸಂಜೆ ಸೇತುರಾಮ ಕೇಳಿದ: "ಇನ್ನೂ ಯಾಕೆ ಇದು ಇಲ್ಲೇ ಇದೆ?"

ಶುಕ್ರವಾರ ಬೆಳಿಗ್ಗೆ ಸತ್ಯಭಾಮಾ ಪಾತ್ರೆಯಿಲ್ಲದೆ ಹೊಂಗೆಮರದ ಬಳಿಗೆ ಹೋದಳು.

"ಅವನು ಸೋಮವಾರಾನೇ ವಾಸಿಯಾದ, ಮುನಿವೆಂಕಟಮ್ಮ. ನಾನೇ ಸುಳ್ಳು ಹೇಳಿದೆ. ಜೂಲಿ ಕಾಲು ಮತ್ತೆ ಹೋಯ್ತು. ಮಂಚದ ಮೇಲೆ ಮಲಗಿಸಿಕೊಂಡಿದ್ದೆ, ಹಾರಿಬಿಟ್ಟಳು. ನೀನು ಇಷ್ಟು ದಿನ ಇಲ್ಲೇ ನಿಂತೆ. ನನ್ನ ಕೈಲಿ ಒಂದು ಮಧ್ಯಾಹ್ನ ಆಗಲಿಲ್ಲ."

ಮುನಿವೆಂಕಟಮ್ಮ ಕ್ಯಾನನ್ನು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದದ್ದು ಮುಖದಲ್ಲಿ ಕಾಣುತ್ತಿತ್ತು.

"ಮೂರು ದಿನ ನಾ ಇಲ್ಲಿಂದ ಹೆಂಗೆ ವಾಪಸ್ ಹೋದೆ ಅಂತ ನಿಮಗೇನು ಗೊತ್ತು" ಎಂದಳು. ಆಮೇಲೆ ತಾನೇ, "ನೀವು ದೂರ ನಿಂತ್ಕಳಕ್ಕೆ ಆಯ್ತಿತ್ತಾ, ಒಂದೇ ಮನೇಲಿ? ನಂಗೆ ನಡ್ಕಂಡು ಹೋಗಕ್ಕೆ ದಾರಿ ಇತ್ತು" ಎಂದಳು.

ಇಬ್ಬರೂ ಮನೆಗೆ ಬಂದರು. ಬೆಣ್ಣೆ ಅವಳನ್ನು ನೋಡಿ ಬೊಗಳಲೂ ಇಲ್ಲ, ನೆಗೆಯಲೂ ಇಲ್ಲ. ಹತ್ತಿರ ಹೋಗಿ ಅವಳ ಕಾಲನ್ನು ಬಹಳ ಹೊತ್ತು ಮೂಸಿ, ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಮುನಿವೆಂಕಟಮ್ಮ ಜೂಲಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ತಲೆ ಸವರಿದಳು. ಆಮೇಲೆ ಕ್ಯಾನು ತಲೆಗೇರಿಸಿ ಹೊರಟಳು. ಬೆಣ್ಣೆ ನಾಲ್ಕೂ ಕಾಲು ಊರಿಕೊಂಡು ಹಿಂದೆ ಹೋಯಿತು.

ಆ ಭಾನುವಾರ ಸೇತುರಾಮ ಎರಡನೆಯ ಆಪರೇಷನ್ನಿನ ಮಾತು ತೆಗೆದ.

"ಬೇಡ" ಎಂದಳು ಸತ್ಯಭಾಮಾ. "ಮತ್ತೆ ಅಳುತ್ತಾಳೆ. ನಾನು ಮತ್ತೆ ಎತ್ತಿಕೊಳ್ತೀನಿ. ನನಗೆ ಗೊತ್ತು."

ಸೇತುರಾಮ ಒತ್ತಾಯಿಸಲಿಲ್ಲ. ಸಂಜೆ ಮಂಚದ ಕಾಲುಗಳನ್ನು ಬಿಚ್ಚಿಟ್ಟು ಹಾಸಿಗೆಯನ್ನು ನೆಲಕ್ಕೆ ಹಾಕಿದ. ಜೂಲಿ ಇನ್ನೂ ಒಂಬತ್ತು ವರ್ಷ ಬದುಕಿತು, ಹೆಚ್ಚಾಗಿ ಮೂರು ಕಾಲಿನಲ್ಲಿ.