ಬಾಗಿಲ ಪಕ್ಕದ ಮಿಸೊನ್

ಹೊರಬಾಗಿಲ ಪಕ್ಕದ ಮಿಸೊನ್ ಗಿಡದ ಮೇಲೆ ಜೊಂಗ್ಮಾನ್ ಎತ್ತಿದ ಕುಡುಗೋಲು ಇಳಿಯುವ ಮೊದಲೇ ದೊಡ್ಡಪ್ಪ ಚೊಲ್ಗು ಅವನ ಮುಂಗೈ ಹಿಡಿದ.

"ಬಿಡಿ ದೊಡ್ಡಪ್ಪ. ದೊಡ್ಡಮ್ಮನ ಶವಪೆಟ್ಟಿಗೆ ಈ ಸಂದೀಲಿ ಹೋಗಲ್ಲ. ಒಣಕಡ್ಡಿ ತಾನೆ?"

"ಒಣಕಡ್ಡಿಯಂತೆ! ಉಗುರಲ್ಲಿ ಕೆರೆದು ನೋಡು."

ಸಿಪ್ಪೆಯಡಿ ಹಸಿರಿತ್ತು. ಎಲೆಯಿಲ್ಲದ ಕೊಂಬೆಗಳ ಉದ್ದಕ್ಕೂ ಕಪ್ಪುನೇರಳೆ ಮೊಗ್ಗುಗಳು. ಕೆಲವುಗಳ ತುದಿಯಲ್ಲಿ ಬಿಳಿ ಇಣುಕಿತ್ತು.

"ಕತ್ತರಿಸಿದ್ರೂ ಮತ್ತೆ ಚಿಗುರುತ್ತಲ್ಲ?"

"ಚಿಗುರುತ್ತೆ. ಈ ವರ್ಷ ಹೂ ಬಿಡಲ್ಲ."

ಹೆಣ ಹೊರಲು ಬಂದವರು ಮುಖ ಮುಖ ನೋಡಿಕೊಂಡರು. ಗುಂಡಿ ತೋಡಿದವರು ಆಗಲೇ ಗುಡ್ಡದ ಮೇಲೆ ಕಾಯುತ್ತಿದ್ದರು.

*

ಮದುವೆಯಾಗಿ ಬಂದಾಗ ಚೊಲ್ಗುವಿನ ಹೆಂಡತಿ ಒಕ್ಬುನ್ ತವರಿನಿಂದ ತಂದು ನೆಟ್ಟ ಕೊಂಬೆ ಅದು. ಚಳಿಗಾಲ ಬಂತೆಂದರೆ ಚೊಲ್ಗು ಅದನ್ನು ಬುಡದವರೆಗೆ ಸವರಿ ಒಲೆಗೆ ಹಾಕುತ್ತಿದ್ದ. ವಸಂತದಲ್ಲಿ ಊರ ತುಂಬ ಹಳದಿ ಗೆನಾರಿ ಹೂ ಅರಳಿದರೂ ಇದರಲ್ಲಿ ಬರೀ ಎಲೆ. ದಂಡದ ಗಿಡ ಎಂದು ಅವನು ಬಯ್ಯುತ್ತಿದ್ದ.

ಒಂದು ಚಳಿಗಾಲ ಅವಳು ಕುಡುಗೋಲನ್ನೇ ಕಿತ್ತುಕೊಂಡಳು.

"ಮೊಗ್ಗನ್ನೆಲ್ಲ ನೀವೇ ಸುಡ್ತೀರಿ, ಆಮೇಲೆ ಗಿಡಾನ ಬಯ್ತೀರಿ! ಇದು ಬೇಸಿಗೇಲೇ ಮೊಗ್ಗು ಕಟ್ಟಿ ಚಳಿಯೆಲ್ಲ ಕಾಯುತ್ತೆ. ಹೂ ಉದುರಿದ ಮೇಲೆ ಎಷ್ಟು ಬೇಕೋ ಅಷ್ಟು ಕತ್ತರಿಸಿ."

ಆ ವಸಂತದಲ್ಲಿ ಗಿಡದ ತುಂಬ ಬಿಳಿ ಹೂ. ಗೆನಾರಿಯ ಹಾಗೇ ನಾಲ್ಕು ಎಸಳು, ಆದರೆ ಇದಕ್ಕೆ ಪರಿಮಳವಿತ್ತು. ಚೊಲ್ಗು ಹೊಗಳಲಿಲ್ಲ. ಊಟವನ್ನು ಜಗುಲಿಗೇ ತಾ ಎಂದ, ಅಷ್ಟೇ.

*

"ಪಕ್ಕದ ಗೋಡೆ ಒಡೀರಿ," ಎಂದ ಚೊಲ್ಗು.

ಆ ಮಣ್ಣುಗೋಡೆಯಾಚೆ ಮಾಲ್ಸುನ್‌ಳ ಮನೆ. ಅವಳ ಕೋಳಿಗಳು ಒಕ್ಬುನ್ ಬೇರು ಬರಿಸಿಟ್ಟ ಮಿಸೊನ್ ಸಸಿಗಳನ್ನು ಕೆದಕಿ ಹಾಕಿದ್ದವು. ಆ ಜಗಳದಲ್ಲಿ ಗೋಡೆ ಎದ್ದಿತ್ತು. ಆಮೇಲೆ ಇಬ್ಬರಿಗೂ ಮಾತಿರಲಿಲ್ಲ.

ಗೋಡೆಯ ಮೇಲೆ ಮಾಲ್ಸುನ್ ತಲೆ ಕಾಣಿಸಿತು. ಮಗಳ ಹೆಸರು ಹಿಡಿದು ಅವಳು ಚೊಲ್ಗುವನ್ನು ಕೂಗಿದಳು.

"ಯಂಗ್ಜಾಳ ಅಪ್ಪ, ತಲೆ ಕೆಟ್ಟಿದೆಯಾ? ಈಚೆ ನನ್ನ ಬೆಳ್ಳುಳ್ಳಿ ಪಾತಿ ಇದೆ!"

ಅವಳ ಕಣ್ಣು ಪೆಟ್ಟಿಗೆಯ ಮೇಲೆ ನಿಂತಿತು.

"ತಾಳಿ ಸ್ವಲ್ಪ."

ಒಳಗೆ ಹೋಗಿ ಹುಲ್ಲುಚಾಪೆಗಳನ್ನು ತಂದು ಪಾತಿಯ ಮೇಲೆ ಹಾಸಿದಳು.

"ಹ್ಞೂಂ, ಒಡೀರಿ. ಬದುಕಿದ್ದಾಗಂತೂ ನಮ್ಮನೆ ಕಡೆ ಕಾಲಿಡಲಿಲ್ಲ ಮಹಾತಾಯಿ. ಈಗಾದ್ರೂ ಬಂದು ಹೋಗಲಿ."

ಹಾರೆ ಬಿತ್ತು. ಪೆಟ್ಟಿಗೆ ಅವಳ ಅಂಗಳ ದಾಟಿ ರಸ್ತೆಗಿಳಿಯಿತು.

ಸಂಜೆ ಗುಡ್ಡದಿಂದ ಮರಳಿದವರು ಜಗುಲಿಯ ಮೇಲೆ ಕೂತಿದ್ದರು. ಮಾಲ್ಸುನ್ ಬಿಸಿ ಸಾರಿನ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಬಂದಳು. ರಸ್ತೆ ಬಳಸಲಿಲ್ಲ. ಒಂದು ಕೈಯಲ್ಲಿ ಒಡೆದ ಗೋಡೆಯಂಚನ್ನು ಹಿಡಿದು, ಉರುಳಿದ ಹೆಂಟೆಗಳ ಮೇಲೆ ಕಾಲಿನಿಂದ ತಡವಿ ತಡವಿ ಹೆಜ್ಜೆಯಿಡುತ್ತ ಒಳಗಿಳಿದಳು.